ಆ ಮನೆಯ ಜಾವಳಿ, ಈ ಮನೆಯ ಬೀಸೋ ಪದ

ರಾತ್ರಿ ಹತ್ತು ಗಂಟೆ ದಾಟಿದೆ. ಮುದ್ದೆ ಆರಿ ಗಟ್ಟಿಯಾಗಿದೆ, ಸಾರನ್ನು ಎರಡು ಸಲ ಬಿಸಿ ಮಾಡಿದ್ದಾಗಿದೆ, ಯಜಮಾನರ ಸುಳಿವಿಲ್ಲ. ಬಂದಮೇಲೆ ಕೇಳಿದರೆ "ಕೆಲಸ ಇತ್ತು" ಅನ್ನುವ ಒಂದೇ ಮಾತು. ಸೋದರಿಯರೇ, ಇಂಥ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ? ಕೆಲವರು ಜಗಳ ತೆಗೆಯುತ್ತೀರಿ, ಕೆಲವರು ಗೋಡೆ ಕಡೆ ತಿರುಗಿ ಮಲಗುತ್ತೀರಿ, ಇನ್ನು ಕೆಲವರು ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತೀರಿ. ಹಾಡುವವರು ಯಾರಾದರೂ ಇದ್ದೀರಾ?

ನಗಬೇಡಿ. ನಂಬಿದವರು ಕೈಕೊಟ್ಟಾಗ ಅಳುವ ಬದಲು ಹಾಡಿದವರು, ಅಳುತ್ತಲೇ ಹಾಡಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಹಾಡುವ ಅಪ್ಪಣೆ ಯಾರಿಗಿತ್ತು, ಬಾಯಿ ಮುಚ್ಚಿಕೊಂಡು ಇರಬೇಕಾದವರು ಯಾರು ಅನ್ನುವುದನ್ನು ನಾವು ಯೋಚನೆ ಮಾಡಿದ್ದು ಕಡಿಮೆ. ನನಗಾದರೂ ಆ ಯೋಚನೆ ಹತ್ತಿದ್ದು ಒಂದು ಪರದೇಶದ ಹಾಡಿನಿಂದ.

ನಮ್ಮ ಕಡೆ ಯುಗಾದಿ ಆಸುಪಾಸಿನಲ್ಲಿ ಮನೆಮನೆಯ ಜಗಲಿಯಲ್ಲೂ ಹುಣಿಸೆಹಣ್ಣಿನ ರಾಶಿ. ನಾಲ್ಕು ಜನ ಹೆಂಗಸರು ಸೇರಿ ಬೀಜ ಬಿಡಿಸುತ್ತಾ ಕೂತರೆ ಊರಿನ ಸುದ್ದಿಯೆಲ್ಲಾ ಅಲ್ಲೇ ಬಿಡಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗಳು ಹಬ್ಬಕ್ಕೆ ಬಂದಿದ್ದವಳು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಒಂದು ಹಾಡು ಹಾಕಿದಳು. "ಚಿಕ್ಕಮ್ಮ, ಇದು ಟ್ಯಾಂಗೊ ಅಂತ" ಎಂದಳು. ಮಾತು ತಿಳಿಯದಿದ್ದರೂ ಯಾರೋ ಗಂಡಸು ಸಂಕಟದಲ್ಲಿದ್ದಾನೆ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು. ಜೊತೆಗೆ ತಿದಿ ಒತ್ತಿ ಬಾರಿಸುವ ಬಾಂಡೋನಿಯಾನ್ ಎಂಬ ವಾದ್ಯ, ನಮ್ಮ ಹಾರ್ಮೋನಿಯಂಗೆ ದೂರದ ನೆಂಟ ಎನ್ನಿ, ಏದುಸಿರು ಬಿಟ್ಟ ಹಾಗೆ ನುಡಿಯುತ್ತಿತ್ತು.

ಟ್ಯಾಂಗೊ ಅನ್ನುವುದು ದಕ್ಷಿಣ ಅಮೆರಿಕದ ಹಾಡು, ಕುಣಿತ ಎರಡೂ ಹೌದು. 19ನೆಯ ಶತಮಾನದ ಕೊನೆಯಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಉರುಗ್ವೆಯ ಮಾಂಟೆವಿಡಿಯೊ ಎಂಬ ಎರಡು ಬಂದರು ಪಟ್ಟಣಗಳ ಬಡಕೇರಿಗಳಲ್ಲಿ ಹುಟ್ಟಿತು. ಇಟಲಿ, ಸ್ಪೇನ್ ಕಡೆಯಿಂದ ಹಡಗು ಹತ್ತಿ ಕೂಲಿಗೆ ಬಂದ ಗಂಡಸರು ಲೆಕ್ಕವಿಲ್ಲದಷ್ಟು, ಹೆಂಗಸರು ಕಡಿಮೆ. ಸಂಜೆಯಾದರೆ ಹೆಂಡದಂಗಡಿ, ಸೂಳೆಗೇರಿ, ಅಲ್ಲಿ ಈ ಕುಣಿತ. ಮರ್ಯಾದಸ್ಥರು ಮೊದಮೊದಲು ಮೂಗು ಮುರಿದರು. ಪ್ಯಾರಿಸ್ಸಿನವರು ಮೆಚ್ಚಿ ಕುಣಿದರು ಅಂದಮೇಲೆ ತಾವೂ ಮೆಚ್ಚಿದರು. (ಪಕ್ಕದೂರಿನವರು ಹೊಗಳುವ ತನಕ ನಮ್ಮ ಮನೆ ಒಬ್ಬಟ್ಟಿನ ರುಚಿ ನಮಗೂ ಗೊತ್ತಾಗುವುದಿಲ್ಲ.) 2009ರಲ್ಲಿ ಯುನೆಸ್ಕೊ ಸಂಸ್ಥೆಯವರು ಇದನ್ನು ಇಡೀ ಮಾನವ ಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿದರು.

ಮೊದಲು ಅದು ಬರೀ ಕುಣಿತದ ಬಾಜಾ ಆಗಿತ್ತಂತೆ. ಕಥೆ ಹೇಳುವ ಹಾಡಾಗಿ ಅದನ್ನು ತಿರುಗಿಸಿದ್ದು 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಎಂಬ ಗಾಯಕ ಹಾಡಿದ 'ಮಿ ನೋಚೆ ತ್ರಿಸ್ತೆ' ಎಂದು ಹೇಳುತ್ತಾರೆ. 'ನನ್ನ ದುಃಖದ ರಾತ್ರಿ' ಅಂತ ಅರ್ಥ. ಪದ ಬರೆದವರು ಪಾಸ್ಕುವಾಲ್ ಕೊಂತುರ್ಸಿ. ಹೆಣ್ಣು ಬಿಟ್ಟುಹೋಗಿದ್ದಾಳೆ. ಗಂಡಸು ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಅವಳು ಎಲ್ಲಾದರೂ ತಿರುಗಿ ಬಂದಾಳು ಅಂತ ರಾತ್ರಿ ಬಾಗಿಲು ಹಾಕದೆ ಮಲಗುತ್ತಾನೆ. ಗಿಟಾರನ್ನು ಬಾರಿಸುವವರಿಲ್ಲ, ದೀಪಕ್ಕೂ ಉರಿಯುವ ಮನಸ್ಸಿಲ್ಲ. ಮನೆಯ ಸಾಮಾನು ಒಂದೊಂದೂ ಅವಳಿಗಾಗಿ ಅಳುತ್ತಿವೆ ಅನ್ನುವ ಹಾಗೆ ಕಟ್ಟಿದ್ದಾರೆ.

ನಮ್ಮ ಹುಡುಗಿ ಹಾಕಿದ ಹಾಡು ಇನ್ನೂ ಹೆಸರುವಾಸಿ, 'ಲಾ ಕುಂಪಾರ್ಸಿತಾ'. ಅದರ ರಾಗ ಹಾಕಿದವರು ಮಾಂಟೆವಿಡಿಯೊದ ಒಬ್ಬ ವಿದ್ಯಾರ್ಥಿ, ಹೆರಾರ್ದೊ ಮಾತೋಸ್ ರೊದ್ರೀಗೆಸ್. ಅದಕ್ಕೆ 1924ರಲ್ಲಿ ಅದೇ ಕೊಂತುರ್ಸಿಯವರೂ ಎನ್ರಿಕೆ ಮರೋನಿ ಎಂಬವರೂ ಸೇರಿ, ರಾಗ ಹಾಕಿದವರನ್ನು ಒಂದು ಮಾತೂ ಕೇಳದೆ ಪದ ಹೊಂದಿಸಿಬಿಟ್ಟರು. ಹಾಡು ಊರೂರು ಹಾರಿತು, ಜಗಳ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆದಾಡಿತು. ನಂಬಿಕೆದ್ರೋಹದ ಹಾಡಿನ ಹುಟ್ಟೇ ಹೀಗಾಯಿತು, ನೋಡಿ! ಆ ಪದದಲ್ಲೂ ಹೆಣ್ಣು ಬಿಟ್ಟುಹೋಗಿದ್ದಾಳೆ. ಸ್ನೇಹಿತರು ನೋಡಲು ಬರುವುದನ್ನು ನಿಲ್ಲಿಸಿದ್ದಾರೆ. ಕೊನೆಗೆ ಮನೆಯ ನಾಯಿಮರಿ ಕೂಡ ಅವಳಿಲ್ಲವೆಂದು ಅನ್ನ ಬಿಟ್ಟು, ಇವನೊಬ್ಬನೇ ಕೂತಿರುವುದನ್ನು ನೋಡಿ ತಾನೂ ಹೊರಟುಹೋಗಿದೆ.

ನಾಯಿಯ ಮಾತು ಬಂದಾಗ ಜಗಲಿಯಲ್ಲಿದ್ದವರೆಲ್ಲಾ ನಕ್ಕೆವು. ಎದುರು ಮನೆಯ ಅಜ್ಜಿ ಮಾತ್ರ ನಗಲಿಲ್ಲ. ಹುಣಿಸೆಬೀಜ ಮೊರಕ್ಕೆ ಹಾಕುತ್ತಾ, "ಅದೆಲ್ಲಾ ಸರಿ ಕಣವ್ವಾ. ಅವ್ಳು ಯಾಕೆ ಬಿಟ್ಟೋದ್ಲು? ಇವ್ನೇನು ಮಾಡಿದ್ದ ಅವ್ಳಿಗೆ?" ಅಂತ ಕೇಳಿದರು. ಹುಡುಗಿ ಮತ್ತೆ ಪದ ನೋಡಿದಳು. ಅದರಲ್ಲಿ ಆ ಸುದ್ದಿಯೇ ಇಲ್ಲ!

ಅಜ್ಜಿಯ ಪ್ರಶ್ನೆ ಸಣ್ಣದಲ್ಲ ಅಂತ ನನಗೆ ಆಮೇಲೆ ಅನ್ನಿಸಿತು. ಹಾಡು ಕಟ್ಟಿದವನು ಗಂಡಸು, ಹಾಡಿದವನು ಗಂಡಸು. ಅವನ ಕಣ್ಣೀರಿಗೆ ನಾನು ಬೆಲೆ ಇಲ್ಲ ಅನ್ನುವುದಿಲ್ಲ, ಬಾಗಿಲು ತೆರೆದಿಟ್ಟು ಮಲಗುವ ಮಾತು ಕೇಳಿ ಕರುಳು ಚುರಕ್ ಅಂದದ್ದು ನಿಜ. ಆದರೂ ಬಿಟ್ಟುಹೋದವಳ ಕಡೆಯ ಮಾತು ಆ ಹಾಡಿನಲ್ಲಿ ಒಂದು ಅಕ್ಷರವೂ ಇಲ್ಲ.

ಪರದೇಶದ್ದೇಕೆ, ನಮ್ಮ ಕನ್ನಡ ಕಾವ್ಯವನ್ನೇ ನೋಡಿ. ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಮೋಸಕ್ಕೆ ಮೂಲವೇ ಒಂದು ಹಾಡು. ರಾತ್ರಿ ರಾಜನ ಪಕ್ಕದಲ್ಲಿ ಮಲಗಿದ್ದ ರಾಣಿ ಅಮೃತಮತಿಗೆ ಆನೆಲಾಯದ ಕಡೆಯಿಂದ ಮಾವುತನ ಹಾಡು ಕೇಳುತ್ತದೆ. ಮನಸ್ಸು ಅಲ್ಲೇ ಹಾರಿಹೋಗುತ್ತದೆ. ನೋಡಿಕೊಂಡು ಬಾ ಅಂತ ಕಳಿಸಿದ ಸಖಿ ಬಂದು, ಅವನು ಅಷ್ಟಾವಂಕ, ಕುರೂಪಿ ಅಂತ ಹೇಳಿದರೂ ರಾಣಿ ಕೇಳುವುದಿಲ್ಲ. ತಡವಾಗಿ ಹೋದದ್ದಕ್ಕೆ ಅವನಿಂದ ಏಟು ತಿನ್ನುತ್ತಾಳೆ, ಆದರೂ ಹೋಗುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಜನ್ನನ ಕಾವ್ಯಕ್ಕೆ ಕೈ ಮುಗಿಯೋಣ, ಆ ಮಾತು ಬೇರೆ. ಆದರೆ ಅರಮನೆಯಲ್ಲಿ ಎಲ್ಲ ಇದ್ದೂ ಆ ಹೆಣ್ಣಿಗೆ ಏನು ಕಡಿಮೆಯಾಗಿತ್ತು ಅಂತ ಅವಳ ಬಾಯಿಂದ ಕೇಳಬೇಕೆಂದರೆ ನಾವು 1980ರ ವರೆಗೆ, ಗಿರೀಶ್ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕದ ತನಕ ಕಾಯಬೇಕಾಯಿತು.

ಹಾಗಾದರೆ ಮೋಸ ಹೋದ ಹೆಣ್ಣು ತಾನೇ ಬಾಯಿಬಿಟ್ಟು ಕೇಳುವ ಹಾಡು ನಮ್ಮಲ್ಲಿ ಇಲ್ಲವೇ? ಇದೆ. ಅದಕ್ಕೆ ಜಾವಳಿ ಅಂತ ಹೆಸರು.

ಸಂಗೀತ ಕಲಿತವರಿಗೆ ಜಾವಳಿ ಗೊತ್ತಿರುತ್ತದೆ. ಕಚೇರಿಯ ಕೊನೆಯಲ್ಲಿ, ದೊಡ್ಡ ಕೃತಿಗಳೆಲ್ಲಾ ಮುಗಿದಮೇಲೆ, ಊಟದ ಕೊನೆಗೆ ಎಲೆಅಡಿಕೆ ಹಾಕಿಕೊಂಡ ಹಾಗೆ ಹಾಡುವ ಸಣ್ಣ ಹಾಡು. ಕಾಪಿ, ಬೇಹಾಗ್, ಖಮಾಚ್, ಜಂಝೂಟಿಯಂಥ ಹಗುರವಾದ ರಾಗ, ಚುರುಕು ನಡೆ. ಪದಗಳು ಹೆಚ್ಚಾಗಿ ತೆಲುಗಿನವು, ಕನ್ನಡದವೂ ಉಂಟು. ಧರ್ಮಪುರಿ ಸುಬ್ಬರಾಯರು, ಪಟ್ಟಾಭಿರಾಮಯ್ಯನವರು ಮುಂತಾದವರು ಕಟ್ಟಿದ್ದು. ನಮ್ಮ ಐ.ಡಿ.ಹಳ್ಳಿಯಿಂದ ಆಂಧ್ರದ ಗಡಿ ದೂರವಿಲ್ಲ, ಮಡಕಶಿರದ ಕಡೆಯಿಂದ ಹೆಣ್ಣು ತರುತ್ತೇವೆ, ಆ ಕಡೆಗೆ ಕೊಡುತ್ತೇವೆ. ಹಾಗಾಗಿ ನಮ್ಮ ಕಿವಿಗೆ ತೆಲುಗು ಅಷ್ಟೇನೂ ಪರಕೀಯವಲ್ಲ. ರೇಡಿಯೋದಲ್ಲಿ ಜಾವಳಿ ಬಂದರೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಗಾಯಕಿಯ ದನಿಯೇ ಹೇಳುತ್ತದೆ.

ಜಾವಳಿಯ ಹೆಣ್ಣು ಟ್ಯಾಂಗೊದ ಗಂಡಸಿನ ಹಾಗೆ ಕೋಣೆಯಲ್ಲಿ ಕೂತು ಅಳುವವಳಲ್ಲ. ಅವಳು ಪೊಲೀಸ್ ಇನ್ಸ್‌ಪೆಕ್ಟರ್ ಇದ್ದ ಹಾಗೆ! ಬೆಳಗಿನ ಜಾವ ಬಂದ ನಲ್ಲನನ್ನು ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಕಣ್ಣು ಯಾಕೆ ಕೆಂಪಾಗಿದೆ? ಎದೆಯ ಗಂಧ ಯಾಕೆ ಅಳಿಸಿದೆ? ಅದು ಯಾರ ಉಗುರಿನ ಗುರುತು? ನಿನ್ನೆ ಬರುತ್ತೇನೆ ಅಂದವನು ಯಾವ ಬೀದಿಗೆ ಹೋಗಿದ್ದೆ? ಒಂದೊಂದೇ ಸಾಕ್ಷಿ ಎತ್ತಿ ಮುಂದಿಟ್ಟು, ಅವನ ಸಬೂಬುಗಳನ್ನು ನಗುತ್ತಲೇ ಹರಿದುಹಾಕುತ್ತಾಳೆ. ಭರತಮುನಿಯ ಕಾಲದಿಂದಲೂ ನಾಯಿಕೆಯರು ಎಂಟು ಬಗೆ. ಬೆಳಗಾದಮೇಲೆ ಇನ್ನೊಬ್ಬಳ ಗುರುತು ಹೊತ್ತು ಬಂದವನನ್ನು ದಬಾಯಿಸುವವಳು ಖಂಡಿತಾ. ಹೇಳಿದ ಜಾಗಕ್ಕೆ ಬಾರದೆ ಮೋಸಹೋದವಳು ವಿಪ್ರಲಬ್ಧಾ. ಜಗಳವಾಡಿ ಕಳಿಸಿಬಿಟ್ಟು ಆಮೇಲೆ ಪೇಚಾಡುವವಳು ಕಲಹಾಂತರಿತಾ. (ನಮ್ಮಲ್ಲಿ ಬಹಳ ಜನ ಈ ಜಾತಿಗೆ ಸೇರಿದವರು.) ಎಂಟು ಜನರಲ್ಲಿ ಗಂಡ ಹೇಳಿದ ಹಾಗೆ ಕೇಳುವುದು ಒಬ್ಬಳೇ ಒಬ್ಬಳಿಗೆ, ಅವಳು ಸ್ವಾಧೀನಭರ್ತೃಕಾ. ಶಾಸ್ತ್ರ ಬರೆದವರಿಗೂ ಸಂಸಾರದ ಲೆಕ್ಕ ಚೆನ್ನಾಗಿ ಗೊತ್ತಿತ್ತು ಅಂತಾಯಿತು!

ಆದರೆ ಈ ಜಾವಳಿಯನ್ನು ಹಾಡುತ್ತಿದ್ದವರು ಯಾರು? ನಮ್ಮ ನಿಮ್ಮಂಥ ಗೃಹಿಣಿಯರಲ್ಲ. ದೇವದಾಸಿ ಮನೆತನದವರು, ನಮ್ಮ ಹಳೆ ಮೈಸೂರಿನ ಕಡೆ ನಾಯಕಸಾನಿಯರು ಅನ್ನುತ್ತಿದ್ದರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳ ಬಾಯಲ್ಲಿ ಜಾವಳಿ ಬಂದರೆ ಕೆನ್ನೆಗೆ ಬೀಳುತ್ತಿತ್ತು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲೂ ಈ ಜಾತಿಯ ಪದವನ್ನು ಪೋಲಿ ಪದ್ಯ ಅನ್ನುವ ಲೆಕ್ಕಕ್ಕೇ ಸೇರಿಸಿದ್ದಾರೆ. ಟ್ಯಾಂಗೊಗೆ ಆದದ್ದೇ ಇದಕ್ಕೂ ಆಯಿತು. ರಾತ್ರಿ ಕೇಳಲಿಕ್ಕೆ ಬೇಕು, ಹಗಲು ಹೆಸರೆತ್ತಬಾರದು.

ಇನ್ನು ಗೃಹಿಣಿಗೆ ಏನಿತ್ತು? ಅವಳಿಗೆ ಬೀಸುವ ಕಲ್ಲಿತ್ತು.

ಮಿಲ್ಲು ಬರುವ ಮುಂಚೆ ರಾಗಿ ಬೀಸುವುದು ಕೋಳಿ ಕೂಗುವ ಹೊತ್ತಿನ ಕೆಲಸ. ಕಲ್ಲಿನ ಎದುರುಬದರು ಇಬ್ಬರು ಹೆಂಗಸರು, ಒಂದೇ ಗೂಟಕ್ಕೆ ಇಬ್ಬರ ಕೈ, ತಿರುಗಿಸುವ ಲಯಕ್ಕೆ ಪದ. ಮೊದಲು ದೇವರನ್ನು, ಕಲ್ಲನ್ನು ನೆನೆದು ಶುರು. ಆಮೇಲೆ ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು. ಆಮೇಲೆ ನಿಧಾನವಾಗಿ ಗಂಡನ ಸುದ್ದಿ, ಸವತಿಯ ಸುದ್ದಿ. ಒಳಗೆ ಕಂಬಳಿ ಹೊದ್ದು ಮಲಗಿದ ಗಂಡನಿಗೆ ಒಂದೊಂದು ಮಾತೂ ಕೇಳುತ್ತಿರುತ್ತದೆ. ಎದ್ದು ಬಂದು "ಏನಂದೆ?" ಅನ್ನುವ ಹಾಗಿಲ್ಲ. "ನಾನೇನಂದೆ, ಪದ ಹೇಳಿದೆ" ಅಂದರೆ ಮುಗಿಯಿತು. ಬೇರೆ ಹೊತ್ತಿನಲ್ಲಿ ಹೇಳಿದರೆ ಬೆನ್ನಿಗೆ ಬೀಳುವ ಮಾತನ್ನು ಕಲ್ಲಿನ ಮುಂದೆ ಹೇಳಬಹುದಾಗಿತ್ತು. ಕಚೇರಿ ಇಲ್ಲ, ಪಕ್ಕವಾದ್ಯ ಇಲ್ಲ, ಆದರೂ ಕೇಳಬೇಕಾದವನಿಗೆ ಕೇಳಿಸಿತು.

ಬಿಜಾಪುರದ ಕಡೆ ಹಲಸಂಗಿ ಎಂಬ ಊರಿನ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಇಂಥ ಮೂರು ಸಾಲಿನ ಪದಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದರು. ಕನ್ನಡದಲ್ಲಿ ಹೆಂಗಸರ ಹಾಡಿಗೆ ಗೌರವ ತಂದ ಪುಸ್ತಕ ಅದು. ನಮ್ಮ ಶಿರಾ, ಪಾವಗಡದ ಪಕ್ಕಕ್ಕೇ ಬರುವ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ತಿಳಿಯದೆಯೇ ಸಾವಿರಾರು ಪದಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದವರು. ವಿಶ್ವವಿದ್ಯಾಲಯದವರು ಅವರನ್ನು ಕರೆದು ನಾಡೋಜ ಅಂತ ಗೌರವಿಸಿದರು.

ಒಂದು ಮಾತು ಮಾತ್ರ ಈ ಪದಗಳಲ್ಲಿ ನನಗೆ ಹಿಡಿಸುತ್ತಿರಲಿಲ್ಲ. ಗರತಿ ಗಂಡನನ್ನು ನೇರವಾಗಿ ಬೈಯುವುದು ಅಪರೂಪ. ಅವನು ಹೂವಿನಂಥವನು, ಚಂದ್ರನಂಥವನು, ತಪ್ಪೆಲ್ಲಾ ಆ ಇನ್ನೊಬ್ಬಳದು. ಅವಳು ಮದ್ದು ಹಾಕಿದಳು, ಮಾಟ ಮಾಡಿದಳು, ಇವನೇನು ಮಾಡಿಯಾನು ಪಾಪ! ಜಾವಳಿಯ ಹೆಣ್ಣಿಗೆ ಇರುವ ಎದೆಗಾರಿಕೆ ನಮ್ಮ ಗರತಿಗೆ ಯಾಕಿಲ್ಲ ಅಂತ ಎದುರು ಮನೆ ಅಜ್ಜಿಯನ್ನು ಒಂದು ದಿನ ಕೇಳಿಯೇ ಬಿಟ್ಟೆ. ಅಜ್ಜಿ ಹೇಳಿದರು: "ಅವ್ನನ್ ಬೈದ್ರೆ ಸಂಜೀಕೆ ಅವನ್ ಮನೇಗೇ ತಾನೆ ಬರ್ಬೇಕು? ಅವ್ಳ್‌ಗಾದ್ರೆ ಅವ್ಳದೇ ಮನೆ, ಅವ್ಳದೇ ಬಾಗ್ಲು. ಹಾಕ್ಕಂಬೋದು."

ಸೋದರಿಯರೇ, ಇದನ್ನು ಎರಡು ಸಲ ಓದಿ. ನಾಯಕಸಾನಿಗೆ ಮನೆ, ಒಡವೆ, ಹೊಲ ಅವಳ ಹೆಸರಿನಲ್ಲೇ ಇರುವುದುಂಟು. ತಾಯಿಯಿಂದ ಮಗಳಿಗೆ ಬರುತ್ತಿತ್ತು. ಅದಕ್ಕೇ ಅವಳು ಬಾಗಿಲಲ್ಲಿ ನಿಂತು ಲೆಕ್ಕ ಕೇಳಬಲ್ಲಳು. ತಾಳಿ ಕಟ್ಟಿಸಿಕೊಂಡವಳಿಗೆ ತವರೂ ದೂರ, ಗಂಡನ ಮನೆಯೂ ಗಂಡನದೇ. 1955ರ ಹಿಂದೂ ವಿವಾಹ ಕಾಯಿದೆ ಬಂದಮೇಲೆ ತಾನೆ, ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆಯಾಗುವುದು ದೇಶಕ್ಕೆಲ್ಲಾ ಒಂದೇ ರೀತಿಯಲ್ಲಿ ಅಪರಾಧ ಅಂತ ಆದದ್ದು? 1956ರ ಉತ್ತರಾಧಿಕಾರ ಕಾಯಿದೆ ಬಂದಮೇಲೆ ತಾನೆ ವಿಧವೆಗೆ, ಹೆಣ್ಣುಮಕ್ಕಳಿಗೆ ಪೂರಾ ಹಕ್ಕಿನ ಪಾಲು ಅಂತ ಬಂದದ್ದು? ಅದಕ್ಕೆ ಮೊದಲು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದವಳು ಯಾವ ಧೈರ್ಯದ ಮೇಲೆ ಗಂಡನನ್ನು ಬೈಯಬೇಕಿತ್ತು ಹೇಳಿ? ನಮ್ಮ ತಾಲ್ಲೂಕಿನ ಮಿಡಿಗೇಶಿಗೆ ಗಂಡನ ಚಿತೆ ಏರಿದ ರಾಣಿಯ ಹೆಸರು ಬಂತು ಅಂತ ಪ್ರತೀತಿ. ಗಂಡ ಇನ್ನೊಂದು ಮನೆ ಮಾಡಿದಮೇಲೂ ಬದುಕಿ, ಕಳೆ ಕಿತ್ತು, ಮಕ್ಕಳನ್ನು ಸಾಕಿದವಳ ಹೆಸರು ಮಾತ್ರ ಯಾವ ಊರಿಗೂ ಬರಲಿಲ್ಲ.

ನನಗೆ ಹೊಳೆದದ್ದು ಇಷ್ಟು. ಜಾವಳಿಯ ಹೆಣ್ಣೂ ಬೀಸುವ ಪದದ ಹೆಣ್ಣೂ ಒಬ್ಬನೇ ಗಂಡಸಿನ ಮೇಲೆ ದೂರು ಹೇಳುತ್ತಿದ್ದಾರೆ. ಇವಳ ಮನೆಯಿಂದ ಎದ್ದು ಹೋದವನೇ ಅವಳ ಮನೆಗೆ ತಡವಾಗಿ ಬಂದವನು. ಅವಳು ನಿನ್ನೆ ಎಲ್ಲಿದ್ದೆ ಅಂತ ಕೇಳುವಾಗ, ಅವನು ಕೆಲವು ಸಲ ಹೆಂಡತಿಯ ಹತ್ತಿರವೇ ಇದ್ದಿರಬಹುದು! ಇಬ್ಬರೂ ಒಬ್ಬರನ್ನೊಬ್ಬರು ಸವತಿ, ಮಾಟಗಾತಿ ಅಂತ ಶಪಿಸಿಕೊಂಡರು. ಮಧ್ಯದಲ್ಲಿದ್ದವನು ಎರಡು ಹಾಡನ್ನೂ ಕೇಳಿಕೊಂಡು ಸುಖವಾಗಿದ್ದ.

ಹಾಗಂತ ಆ ಮನೆಯವಳಿಗೆ ಸುಖವಿತ್ತು ಅಂತ ತಿಳಿಯಬೇಡಿ. ಬೆಂಗಳೂರು ನಾಗರತ್ನಮ್ಮನವರ ಬದುಕು ನೋಡಿ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು, ಹಿರಿಯರು ಮೈಸೂರಿನ ಆಸ್ಥಾನದಲ್ಲಿ ಹಾಡಿದವರು. ತಂದೆ ವಕೀಲರು, ತಾಯಿಯನ್ನು ನಡುನೀರಿನಲ್ಲಿ ಕೈಬಿಟ್ಟರು. ಆಮೇಲೆ ಮಗುವಿಗೆ ಸಂಸ್ಕೃತ, ಸಂಗೀತ ಕಲಿಸುತ್ತಿದ್ದ ಗುರುಗಳೂ ಕೈಬಿಟ್ಟರು. ತಾಯಿ ಮಗಳು ಮೈಸೂರು ಬಿಟ್ಟರು. ಬೆಂಗಳೂರಿನಲ್ಲಿ ಪಾಠ ಮುಂದುವರಿಸಿ, ಹದಿನೈದರ ಹೊತ್ತಿಗೆ ವಿದ್ವಾಂಸರ ಮುಂದೆ ಹಾಡಿ ಹೆಸರು ಮಾಡಿದ ಹುಡುಗಿ ಆಮೇಲೆ ಮದರಾಸಿನಲ್ಲಿ ದೊಡ್ಡ ವಿದುಷಿಯಾದರು. ಹಾಡಿನಲ್ಲಿ ಮೋಸದ ಮಾತು ಬಂದಾಗ ಇಂಥವರಿಗೆ ಅಭಿನಯ ಹೇಳಿಕೊಡಬೇಕಾಗಿತ್ತೇ?

ಅವರು ಮಾಡಿದ ಒಂದು ಕೆಲಸ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ತಂಜಾವೂರಿನ ಮರಾಠಾ ಅರಸು ಪ್ರತಾಪಸಿಂಹನ ಆಸ್ಥಾನದಲ್ಲಿ, 18ನೆಯ ಶತಮಾನದಲ್ಲಿ, ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಅನ್ನುವ ಕಾವ್ಯ ಬರೆದಿದ್ದರು. ಅದರಲ್ಲಿ ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡುತ್ತಾಳೆ. ತನ್ನ ಕೈಯಾರೆ ಅಲಂಕಾರ ಮಾಡಿ ಕಳಿಸುತ್ತಾಳೆ. ಕಳಿಸಿದಮೇಲೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಕೃಷ್ಣ ತನ್ನನ್ನು ಮರೆತ ಅಂತ ಸಿಟ್ಟು, ದುಃಖ, ಬೈಗುಳ, ಕೊನೆಗೆ ಅವನು ಬಂದು ಕಾಲು ಹಿಡಿದು ಸಮಾಧಾನ ಮಾಡಬೇಕು. ಹೆಣ್ಣಿನ ಆಸೆಯನ್ನೂ ಹೊಟ್ಟೆಕಿಚ್ಚನ್ನೂ ಹೆಣ್ಣೇ ಮುಚ್ಚುಮರೆಯಿಲ್ಲದೆ ಬರೆದ ಕಾವ್ಯ. ಹಿಂದೆ ಅಚ್ಚು ಮಾಡಿದವರು ಕೆಲವು ಪದ್ಯ ಬಿಟ್ಟು, ಬರೆದವಳು ವೇಶ್ಯೆ ಅನ್ನುವುದನ್ನೂ ಮರೆಮಾಡಿದ್ದಾರೆ ಅಂತ ಕಂಡ ನಾಗರತ್ನಮ್ಮನವರು ಪೂರ್ತಿ ಪಾಠ ಹುಡುಕಿ 1910ರಲ್ಲಿ ಪ್ರಕಟಿಸಿದರು. ಸಮಾಜ ಸುಧಾರಕರು ಅಂತ ಹೆಸರಾಗಿದ್ದವರೇ ಅಶ್ಲೀಲ ಅಂತ ಕೂಗಿದರು. 1911ರಲ್ಲಿ ಸರ್ಕಾರ ಪುಸ್ತಕ ಜಪ್ತಿ ಮಾಡಿತು. ನಿಷೇಧ ತೆಗೆದದ್ದು 1947ರಲ್ಲಿ. ಗಂಡಸರು ಬರೆದ ಶೃಂಗಾರ ಕಾವ್ಯಗಳು ಅಷ್ಟೂ ವರ್ಷ ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇದ್ದವು! ಅದೇ ನಾಗರತ್ನಮ್ಮನವರು ತಾವು ದುಡಿದ ಹಣ ಹಾಕಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು, ಹೆಂಗಸರು ಹಾಡಬಾರದು ಅಂದಾಗ ಹೆಂಗಸರದೇ ಆರಾಧನೆ ನಡೆಸಿದರು. 1952ರಲ್ಲಿ ತೀರಿಕೊಂಡಮೇಲೆ ಆ ಸಮಾಧಿಯ ಎದುರಿಗೇ ಅವರ ಪ್ರತಿಮೆ ಇಟ್ಟಿದ್ದಾರೆ.

ಮೈಸೂರು ಸಂಸ್ಥಾನದ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು 1909ರಲ್ಲಿ ನಿಲ್ಲಿಸಿದರು. ಮದರಾಸಿನಲ್ಲಿ 1947ರಲ್ಲಿ ಕಾನೂನು ಬಂತು, ಕರ್ನಾಟಕದಲ್ಲಿ 1982ರಲ್ಲಿ. ಎಳೆ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ಬಿಡುವುದು ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡು? ಅದನ್ನು ಉಳಿಸಿದವರೂ ಅವರೇ. ಮೈಸೂರು ಅರಮನೆಯ ಜಟ್ಟಿ ತಾಯಮ್ಮನವರು 1857ರಿಂದ 1947ರ ವರೆಗೆ ತುಂಬು ಬಾಳು ಬಾಳಿ, ಪದ, ಜಾವಳಿ, ಅಮರುಕನ ಶ್ಲೋಕಗಳಿಗೆ ಅಭಿನಯ ಮಾಡುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಕಡೂರಿನ ಕಡೆಯ ತಾಂಡಾದ ಲಂಬಾಣಿ ಮನೆಯ ಮಗಳು, 1906ರಲ್ಲಿ ಹುಟ್ಟಿದವರು. ಎಂಟು ವರ್ಷದವರಿದ್ದಾಗ ತಾಯಮ್ಮನವರ ಹತ್ತಿರ ಸೇರಿ, ಆಸ್ಥಾನ ವಿದುಷಿಯಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದು, 2002ರಲ್ಲಿ ತೀರಿಕೊಂಡರು. ವಯಸ್ಸಾದಮೇಲೆ ಕೂತಲ್ಲೇ ಬರೀ ಮುಖದಲ್ಲಿ, ಕೈಯಲ್ಲಿ ಅಭಿನಯ ಮಾಡುತ್ತಿದ್ದ ವೆಂಕಟಲಕ್ಷಮ್ಮನವರ ಚಿತ್ರಗಳನ್ನು ನೋಡಿ. ವಿದುಷಿಯರ ಬಾಯಲ್ಲಿ ಒಂದೇ ಸಾಲು ಹತ್ತು ಸಲ ಬರುತ್ತದೆ, ಹತ್ತು ಸಲವೂ ಬೇರೆ ಬೇರೆ ಅರ್ಥ. ಒಂದು ಸಲ ಸಿಟ್ಟು, ಒಂದು ಸಲ ಕುಹಕ, ಒಂದು ಸಲ ಸೋತುಹೋದ ನಿಟ್ಟುಸಿರು. "ಎಲ್ಲಿದ್ದೆ" ಅನ್ನುವ ಒಂದೇ ಮಾತಿನಲ್ಲಿ ಎಷ್ಟು ಸಂಸಾರ ಅಡಗಿದೆ ಅಂತ ನಮಗೆ ಗೊತ್ತಿಲ್ಲವೇ?

ಈಗ ಕಾಲ ಬದಲಾಗಿದೆ. ಪಟ್ಟಣದಲ್ಲಿ ಹೆಣ್ಣುಮಕ್ಕಳ ಭರತನಾಟ್ಯ ರಂಗಪ್ರವೇಶಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಕೊನೆಯಲ್ಲಿ ಜಾವಳಿ ಇರಲೇಬೇಕು. ಹದಿನಾಲ್ಕರ ಹುಡುಗಿ, ರಾತ್ರಿಯೆಲ್ಲಾ ಬೇರೆಯವಳ ಮನೆಯಲ್ಲಿದ್ದು ಬಂದವನನ್ನು ಹುಬ್ಬು ಹಾರಿಸಿ ಕೇಳುತ್ತಾಳೆ. ಅಮ್ಮ ರೇಷ್ಮೆಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಅರ್ಥ ಕೇಳಿದರೆ "ಕೃಷ್ಣನ ಮೇಲೆ ಭಕ್ತಿ" ಅಂತ ಟೀಚರು ಹೇಳಿದ್ದಾರಂತೆ! ಕೃಷ್ಣನೂ ಇರಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಹೀಗೆ ಹೇಳಿದರೆ ಆ ಹಾಡನ್ನು ಹಾಡಿ ಬದುಕಿದವರ ನೋವಿಗೆ ಅರಿಶಿನ ಕುಂಕುಮ ಹಚ್ಚಿ ಮುಚ್ಚಿಟ್ಟ ಹಾಗಾಗುವುದಿಲ್ಲವೇ? ಹುಡುಗಿಗೆ ತಕ್ಕ ವಯಸ್ಸು ಬಂದಾಗ ಇರುವ ಅರ್ಥವನ್ನೇ ಹೇಳಿದರೆ ಅವಳಿಗೂ ಒಂದು ತಿಳಿವಳಿಕೆ. ಮುಂದೆ ಅವಳೂ ಯಾರನ್ನೋ ನಂಬಬೇಕಾದವಳು ತಾನೆ.

ಹಳ್ಳಿಯ ಕಡೆಯಂತೂ ಬೀಸುವ ಪದ ನಿಂತೇಹೋಗಿದೆ. ರಾಗಿ ಮಿಲ್ಲಿಗೆ ಹೋಗುತ್ತದೆ, ಅಲ್ಲಿ ಬೆಲ್ಟಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಬೀಸಿ ಬೀಸಿ ತೋಳು ಸೋತವರಿಗೆ ಮಿಲ್ಲು ದೇವರಂಥದ್ದು, ಅದನ್ನು ಬೈಯುವಷ್ಟು ದಡ್ಡಿ ನಾನಲ್ಲ. ಆದರೆ ಗಂಡನ ಕಿವಿಗೆ ಬೀಳುವ ಹಾಗೆ, ಜಗಳವಾಗದ ಹಾಗೆ ಮನಸ್ಸಿನದನ್ನು ಹೇಳುವ ಒಂದು ಜಾಗ ಹೋಯಿತು. ಈಗ ನಮ್ಮ ಬೀದಿಯಲ್ಲೇ ಒಬ್ಬಾಕೆ ಇದ್ದಾಳೆ. ಗಂಡ ಪಟ್ಟಣದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಅಂತ ಊರಿಗೆಲ್ಲಾ ಗೊತ್ತು. ಅವಳ ಮುಂದೆ ಯಾರೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ. ಸಂಜೆ ಏಳರಿಂದ ಹತ್ತರ ತನಕ ಟಿವಿ ಸೀರಿಯಲ್ಲಿನಲ್ಲಿ ಇದೇ ಕಥೆ ಬರುತ್ತದೆ, ಕಣ್ಣು ಮಿಟುಕಿಸದೆ ನೋಡುತ್ತಾಳೆ. ಸೀರಿಯಲ್ಲಿನಲ್ಲೂ ತಪ್ಪೆಲ್ಲಾ ಆ ಇನ್ನೊಬ್ಬಳದೇ, ಗಮನಿಸಿದ್ದೀರಾ?

ಆಕೆಗೂ ಹುಣಿಸೆಹಣ್ಣಿನ ದಿನ ಅಜ್ಜಿ ಪದ ಹೇಳುತ್ತಾರೆ ಅಂತ ಗೊತ್ತಾಗಿ, ಮಾರನೆಯ ಸಲ ತಾನೂ ಮೊರ ಹಿಡಿದು ಬಂದು ಕೂತಳು. ನಾನು ಇನ್ನೂರು ಪುಟದ ಒಂದು ನೋಟುಬುಕ್ಕು ತಂದಿಟ್ಟಿದ್ದೇನೆ, ಅಜ್ಜಿ ಹೇಳಿದ್ದನ್ನು ಬರೆದುಕೊಳ್ಳಲು. ನಿಮ್ಮ ಊರಿನಲ್ಲೂ ಇಂಥವರು ಇದ್ದರೆ ಈಗಲೇ ಬರೆದಿಟ್ಟುಕೊಳ್ಳಿ. ಬರೆಯುವಾಗ ಬರೀ ಪದ ಬರೆದರೆ ಸಾಲದು. ಯಾವ ಕೆಲಸದ ಹೊತ್ತಿನಲ್ಲಿ ಹೇಳುತ್ತಿದ್ದರು, ಯಾರಿಂದ ಕಲಿತರು, ಎದುರಿಗೆ ಯಾರು ಕೂತಿರುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಮೊಬೈಲಿನಲ್ಲಿ ದನಿ ಹಿಡಿಯುವವರು ಮೊದಲು ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಹಿಡಿಯಿರಿ. ಮರೆತ ಸಾಲನ್ನು ನಾವೇ ಸೇರಿಸಿ ಚೆಂದ ಮಾಡಲು ಹೋಗಬಾರದು. ಬೈಗುಳ ಬಂದರೆ ಬೈಗುಳವನ್ನೇ ಬರೆಯಿರಿ.

ನಮ್ಮ ಅಜ್ಜಿ ಆ ದಿನ ದೇವರ ಪದ ಎರಡು, ತವರಿನ ಪದ ನಾಲ್ಕು ಹೇಳಿದರು. ಗಂಡನ ಪದ ಅಂತ ಕೇಳಿದೆ. ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ಒಳಗೆ ಮಂಚದ ಮೇಲೆ ನಮ್ಮ ಯಜಮಾನರು ಪೇಪರು ಓದುತ್ತಿದ್ದರು. ಅಜ್ಜಿ ಅವರ ಕಡೆ ಒಂದು ಸಲ, ಪಕ್ಕದಲ್ಲಿ ಕೂತಿದ್ದ ಆಕೆಯ ಕಡೆ ಒಂದು ಸಲ ನೋಡಿ, "ನೀನ್ ಬರ್ಕೊಳ್ಳವ್ವಾ. ಅವ್ರು ಕೇಳಿಸ್ಕಳ್ಳಿ, ಆಚೀಕ್ ಕಳಿಸ್ಬೇಡ" ಅಂತ ಹೇಳಿ ದನಿ ಎತ್ತಿದರು.